ಮರದ ಬುಡದಲ್ಲಿ ಎದ್ದದ್ದು ಅಣಬೆಯೋ, ಹೂವೋ? ಸಸ್ಯಶಾಸ್ತ್ರದ ಮೇಡಂ ಜೊತೆ ಪ್ರಶ್ನೋತ್ತರ

ಶೃಂಗೇರಿ: ಮೇಡಂ, ಕಾಡಂಚಲ್ಲಿ ತರಗೆಲೆ ಸರಿಸಿದರೆ ಕೆಂಪು ಗುಂಡುಗಳು. ಎಲೆ ಇಲ್ಲ, ಹಸಿರೇ ಇಲ್ಲ. ಫೋಟೋ ಹಾಕಿದ್ದೇನೆ. ಯಾವ ಅಣಬೆ?

ಮೇಡಂ: ಅಣಬೆ ಅಲ್ಲ, ಹೂವಿನ ಗಿಡ! ಬೆಲನೋಫೊರಾ ಫಂಗೋಸಾ. ಫಂಗೋಸಾ ಅಂದರೇ ಅಣಬೆಯಂಥದ್ದು. ಲೆನ್ಸ್ ಇದ್ದರೆ ಹತ್ತಿರದಿಂದ ನೋಡಿ. ಗಂಡು ಗುಂಡಾದರೆ ಪುಟ್ಟ ಹೂಗಳು ಬಿಡಿಬಿಡಿಯಾಗಿ, ಎಸಳು ಸಮೇತ ಕಾಣುತ್ತವೆ. ಹೆಣ್ಣು ಹೂ ತೀರಾ ಸಣ್ಣದು, ಗುಂಡು ಮಖಮಲ್ಲಿನ ಹಾಗಿರುತ್ತದೆ. ಅಣಬೆಗೂ ಇದಕ್ಕೂ ಪತ್ರಹರಿತ್ತು ಇಲ್ಲ, ಹೋಲಿಕೆ ಅಷ್ಟೇ. ಇದು ಮರದ ಬೇರಿಗೇ ಗಡ್ಡೆ ಅಂಟಿಸಿಕೊಂಡು ಆಹಾರ ಹೀರುತ್ತದೆ. ಹೂ ಬಿಟ್ಟು ಬೀಜ ಕಟ್ಟುತ್ತದೆ. ಹುತ್ತದ ಅಣಬೆಯ ಬದುಕೇ ಬೇರೆ, ಅದು ಗೆದ್ದಲು ಸಾಕುವ ಬೆಳೆ. ಹುಳು ತಂದ ಕಡ್ಡಿ, ತರಗೆಲೆಯಲ್ಲಿ ನೆಲದೊಳಗೆ ಬೆಳೆದು, ಮಳೆ ಬಿದ್ದಾಗ ಕೊಡೆ ಎತ್ತಿ, ಕೊಡೆಯಡಿಯ ಮಡಿಕೆಗಳಿಂದ ಬೀಜಾಣು ಉದುರಿಸುತ್ತದೆ. ದಯವಿಟ್ಟು ನಿಮ್ಮದನ್ನು ಕೀಳಬೇಡಿ. ಮರದ ಬೇರಿನಿಂದ ಬಿಡಿಸಿದರೆ ಅದು ಬದುಕಲ್ಲ.

ತೀರ್ಥಹಳ್ಳಿ: ತಿನ್ನಬಹುದಾ?

ಮೇಡಂ: ಬೇಡ.

ಕಾರ್ಕಳ: ಹುತ್ತದ ಅಣಬೆ ಬೀಜ ಎಲ್ಲಿ ಸಿಗುತ್ತೆ ಮೇಡಂ?

ಪುತ್ತೂರು: ಗ್ರೂಪಲ್ಲಿ ಬಂದಿದ್ದು. ಕಾಡಣಬೆ ಜೊತೆ ಬೆಳ್ಳುಳ್ಳಿ ಬೇಯಿಸಿ. ಕಪ್ಪಾಗದಿದ್ದರೆ ವಿಷ ಇಲ್ಲ. ಎಲ್ಲರಿಗೂ ಕಳಿಸಿ.

ಮೇಡಂ: ಯಾರಿಗೂ ಕಳಿಸಬೇಡಿ. ಸುಳ್ಳು. ಅಮಾನಿಟಾ ಜಾತಿಯ ಕೆಲವು ಅಣಬೆಗಳ ವಿಷ ಬೆಳ್ಳುಳ್ಳಿಯಲ್ಲೂ ತೋರಲ್ಲ, ಬೆಳ್ಳಿ ಚಮಚದಲ್ಲೂ ತೋರಲ್ಲ, ಬೇಯಿಸಿದರೂ ಹೋಗಲ್ಲ. ತಿಂದು ಸಾಮಾನ್ಯವಾಗಿ 6ರಿಂದ 24 ಗಂಟೆ ಕಳೆದ ಮೇಲೆ ವಾಂತಿ, ಭೇದಿ. ಆಮೇಲೆ ಸರಿಹೋದ ಹಾಗೆ ಅನ್ಸುತ್ತೆ, ಒಳಗೆ ಲಿವರ್ ಕೆಡ್ತಾ ಇರುತ್ತೆ. ವಾಂತಿ ನಿಂತಿತು ಅಂತ ಮನೇಲಿ ಕೂರಬೇಡಿ. ಉಳಿದ ಅಣಬೆ ಸಮೇತ ಆಸ್ಪತ್ರೆಗೆ ಓಡಿ.

ಪುತ್ತೂರು: ನಮ್ಮಜ್ಜಿ ಜೀವನಪೂರ್ತಿ ಹಾಗೇ ನೋಡಿ ಅಡುಗೆ ಮಾಡಿದ್ದು.

ಸಾಗರ: ಅಜ್ಜಿಗೆ ಅಣಬೆ ಗುರುತಿತ್ತು ಮಾರಾಯ್ರೆ. ಬೆಳ್ಳುಳ್ಳಿ ಕಾಪಾಡಿದ್ದಲ್ಲ.

ಪುತ್ತೂರು: ಹಿರಿಯರ ಸುದ್ದಿಗೆ ಬರಬೇಡಿ.

ಸಾಗರ: ಬಂದಿದ್ದು ಯಾರು? ನೀವೇ ತಾನೇ ಅಜ್ಜಿ ಹೆಸರು ಎತ್ತಿದ್ದು? ಮೊದಲು ಆ ಮೆಸೇಜ್ ಅಳಿಸಿ.

ಪುತ್ತೂರು: ಅಳಿಸಲ್ಲ. ಏನೀಗ?

ಕೊಪ್ಪ: ಮೇಡಂ, ಮೇಲಿನ ಕೆಂಪು ಅಣಬೆ ಸಾರು ಮಾಡಬಹುದಾ?

ಮೇಡಂ: ಓದಿ ಕೇಳಿ. ಅಣಬೆ ಅಲ್ಲ.

ಸಾಗರ: ಮೇಡಂ, ಆ ಮೆಸೇಜನ್ನ ನೀವೇ ತೆಗೀರಿ.

ಮೇಡಂ: ತೆಗೆದೆ. ಇನ್ನೊಮ್ಮೆ ಹಾಕಿದರೆ ಗ್ರೂಪಿಂದಲೇ ತೆಗೀತೀನಿ.

ಶೃಂಗೇರಿ: ಮೇಡಂ, ಲೆನ್ಸ್ ಹಿಡಿದು ನೋಡಿದೆ. ಒಂದೊಂದು ಹೂವಿಗೂ ನಾಲ್ಕೈದು ಎಸಳು!

ಮೇಡಂ: ಗಂಡು ಅದು! ಸುತ್ತಮುತ್ತ ಹೆಣ್ಣಿದೆಯಾ ನೋಡಿ. ಯಾವ ಮರದ ಬೇರು?