ಹಳೆಯ ಪ್ರೊಜೆಕ್ಟರಿನಲ್ಲಿ ಎಣ್ಣೆ ಸೋರುತ್ತಿದೆ, ಬಲ್ಲವರು ಹೇಳಿ

ಕೇಳಿದವರು, ಮೈಸೂರು ಸರಸ್ವತಿಪುರಂ:
ನಮ್ಮ ತಂದೆ ನಾಗಮಂಗಲದ ಕಡೆ ಟೆಂಟ್ ಸಿನಿಮಾ ನಡೆಸುತ್ತಿದ್ದರು. ಅವರ 35 ಎಂಎಂ ಪ್ರೊಜೆಕ್ಟರ್ ಇಪ್ಪತ್ತು ವರ್ಷದಿಂದ ಹಿತ್ತಲ ಕೋಣೆಯಲ್ಲಿ ಗೋಣಿಚೀಲ ಹೊದ್ದುಕೊಂಡು ಕುಳಿತಿತ್ತು. ಸುಟ್ಟುಹೋಗಿದ್ದ ಮೋಟಾರನ್ನು ರಿವೈಂಡ್ ಮಾಡಿಸಿ, ಹೊಸ ಎಣ್ಣೆ ತುಂಬಿಸಿದೆ. ಫಿಲ್ಮ್ ಇನ್ನೂ ಹಾಕಿಲ್ಲ, ಬರಿದೆ ಓಡಿಸುತ್ತಿದ್ದೇನೆ. ಇಂಟರ್‌ಮಿಟೆಂಟ್ ಪೆಟ್ಟಿಗೆಯ (ಫಿಲ್ಮನ್ನು ಒಂದೊಂದೇ ಚೌಕಟ್ಟಾಗಿ ಎಳೆದು ನಿಲ್ಲಿಸುವ ಭಾಗ) ಕಡೆಯಿಂದ ಎಣ್ಣೆ ಇಳಿದು, ಕೆಳಗೆ ಹಾಸಿದ ದಿನಪತ್ರಿಕೆ ಇಪ್ಪತ್ತು ನಿಮಿಷದಲ್ಲಿ ತೊಯ್ದು ತೊಪ್ಪೆಯಾಗುತ್ತದೆ. ತಿರುಗುವ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ, ಅಂದರೆ ಸೀಲ್, ಬದಲಿಸಬೇಕೇ? ಎಲ್ಲಿ ಸಿಗುತ್ತದೆ?

ಮಂಡ್ಯದ ಒಬ್ಬರು, ನಿವೃತ್ತ ಆಪರೇಟರ್:
ಸ್ವಾಮಿ, ಸೀಲಿನ ಮಾತು ಆಮೇಲೆ. ಎಣ್ಣೆ ಎಲ್ಲಿಂದ ಹೊರಡುತ್ತಿದೆ ಎಂಬುದನ್ನು ಮೊದಲು ಕಣ್ಣಾರೆ ನೋಡಿ. ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಮಾಳಿಗೆ ಮನೆ ಸೋರುವ ಹಾಗೆಯೇ ಇದು. ಪೆಟ್ಟಿಗೆಯ ಹೊರಮೈಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಪೂರಾ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ಐದು ನಿಮಿಷ ಓಡಿಸಿ ನಿಲ್ಲಿಸಿ. ಬಿಳಿಯ ಮೇಲೆ ಕಂದು ಗೆರೆಯೊಂದು ಮೂಡಿರುತ್ತದೆ. ಅದರ ಮೇಲ್ತುದಿಯೇ ನಿಮ್ಮ ಕಳ್ಳ.

ಎರಡನೆಯದು, ಎಣ್ಣೆಯ ಮಟ್ಟ. ಮೆಷಿನ್ ಓಡುವಾಗ ಎಣ್ಣೆ ಒಳಗೆಲ್ಲ ಎರಚಾಡುತ್ತಿರುತ್ತದೆ, ಮಟ್ಟ ತೋರಿಸುವ ಗಾಜಿನಲ್ಲಿ ಕಡಿಮೆ ಕಾಣುತ್ತದೆ. ಹೊಸಬರು ಆಗ ಇನ್ನಷ್ಟು ಸುರಿಯುತ್ತಾರೆ. ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು, ಗೆರೆಯವರೆಗೆ ಮಾತ್ರ ತುಂಬಿಸಿ. ಗಾಳಿಯಾಡುವ ಸಣ್ಣ ತೂತಿದ್ದರೆ ಅದರಲ್ಲಿ ಧೂಳು ಕೂತಿದೆಯೇ ನೋಡಿ. ಅದು ಕಟ್ಟಿಕೊಂಡರೆ, ಬಿಸಿಯಾದ ಒಳಗಾಳಿ ಎಣ್ಣೆಯನ್ನು ಸಿಕ್ಕ ಸಂದಿಯಿಂದ ಹೊರದೂಡುತ್ತದೆ.

ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇತ್ ಕೆಲಸದವರು:
ಸೀಲ್ ಇರುವ ಮಾದರಿಯಾದರೆ ಒಂದೆರಡು ಮಾತು. ಸೀಲಿನ ಮೇಲೆ 12×22×7 ಎಂಬಂತೆ ಅಂಕಿಗಳಿರುತ್ತವೆ: ಶಾಫ್ಟಿನ ವ್ಯಾಸ, ಹೊರವ್ಯಾಸ, ದಪ್ಪ, ಎಲ್ಲವೂ ಮಿಲಿಮೀಟರಿನಲ್ಲಿ. ಆದರೆ ಹಳೆಯ ಇಂಗ್ಲಿಷ್, ಅಮೆರಿಕನ್ ಯಂತ್ರಗಳದ್ದು ಇಂಚಿನ ಲೆಕ್ಕ. ಅರ್ಧ ಇಂಚು ಎಂದರೆ 12.7 ಮಿ.ಮೀ. ಅದಕ್ಕೆ 13ರ ಸೀಲ್ ಸಡಿಲ, 12ರದು ಬಿಗಿ. ಅಂದಾಜಿನಲ್ಲಿ ಕೊಳ್ಳದೆ ವರ್ನಿಯರ್ ಹಿಡಿದು ಅಳೆಯಿರಿ. ಕೂರಿಸುವಾಗ ಒಳಗಿನ ಸ್ಪ್ರಿಂಗ್ ಕಾಣುವ ಮುಖ ಎಣ್ಣೆಯ ಕಡೆಗಿರಲಿ. ಹಳೆಯ ಸೀಲ್ ಉಜ್ಜಿ ಉಜ್ಜಿ ಶಾಫ್ಟಿನಲ್ಲಿ ತಗ್ಗು ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಜಾಗವಿದ್ದರೆ ಒಂದೆರಡು ಮಿ.ಮೀ. ಸರಿಸಿ ಕೂರಿಸಿ, ಇಲ್ಲದಿದ್ದರೆ ಶಾಫ್ಟಿಗೆ ತೆಳುವಾದ ಬಳೆ ಹಾಕಿಸಬೇಕು.

ಕವರಿನ ಅಂಚಿನಿಂದ ಬರುತ್ತಿದ್ದರೆ ಪ್ಯಾಕಿಂಗ್ ಕಾಗದ (ಕವರಿಗೂ ಪೆಟ್ಟಿಗೆಗೂ ನಡುವೆ ಕೂರಿಸುವ ಗ್ಯಾಸ್ಕೆಟ್) ಸಾಕು. ಹಳೆಯದು ಎಷ್ಟು ದಪ್ಪವಿತ್ತೋ ಅಷ್ಟೇ ಇರಲಿ. ಕೆಲವು ಪೆಟ್ಟಿಗೆಗಳಲ್ಲಿ ಆ ದಪ್ಪದ ಮೇಲೆಯೇ ಶಾಫ್ಟಿನ ಆಟ (ಅತ್ತಿತ್ತ ಅಲುಗುವ ಸಡಿಲ) ನಿಂತಿರುತ್ತದೆ. ಟ್ಯೂಬಿನಲ್ಲಿ ಬರುವ ಸಿಲಿಕೋನ್ ಬಳಿಯಬೇಡಿ. ಒಳಕ್ಕೆ ಹಿಂಡಿಕೊಂಡ ಚೂರು ಕಳಚಿ ಎಣ್ಣೆಯ ದಾರಿಗೆ ಅಡ್ಡ ಕೂತು, ಬುಷ್ (ಶಾಫ್ಟ್ ತಿರುಗುವ ಲೋಹದ ಕೊಳವೆ) ಹಿಡಿದುಹೋದದ್ದನ್ನು ನಾನೇ ಬಿಡಿಸಿದ್ದೇನೆ.

ಮೈಸೂರಿನ ಇನ್ನೊಬ್ಬರು:
ಇಷ್ಟೆಲ್ಲ ಏಕೆ? 90 ನಂಬರಿನ ಗೇರ್ ಆಯಿಲ್ ಹಾಕಿ. ಗಟ್ಟಿ ಎಣ್ಣೆ ಸೋರುವುದಿಲ್ಲ.

ಮಂಡ್ಯದ ಆಪರೇಟರ್:
ದಯವಿಟ್ಟು ಬೇಡ. ಸೆಕೆಂಡಿಗೆ 24 ಚೌಕಟ್ಟು ಎಂದರೆ, ಮಾಲ್ಟೀಸ್ ಕ್ರಾಸನ್ನು (ಫಿಲ್ಮನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸುವ ನಾಲ್ಕು ಸೀಳಿನ ಚಕ್ರ) ತಳ್ಳುವ ಪಿನ್ ನಿಮಿಷಕ್ಕೆ 1440 ಸುತ್ತು ಹಾಕುತ್ತದೆ. ಪ್ರತಿ ಸುತ್ತಿಗೂ ಕ್ರಾಸ್ ಕಾಲುಭಾಗ ತಿರುಗಿ ಗಕ್ಕನೆ ನಿಲ್ಲಬೇಕು. ಎತ್ತಿನ ಗಾಡಿಯ ಕೀಲೆಣ್ಣೆಯಂಥದ್ದನ್ನು ತುಂಬಿದರೆ ಸಣ್ಣ ತೂತುಗಳಿಗೆ ಎಣ್ಣೆ ಹೋಗುವುದೇ ಇಲ್ಲ. ಸೋರುವುದು ನಿಲ್ಲುತ್ತದೆ, ಜೊತೆಗೆ ಮೆಷಿನ್ನೂ ನಿಲ್ಲುತ್ತದೆ. ಆ ಮಾದರಿಗೆ ಕಂಪನಿ ಹೇಳಿದ ಎಣ್ಣೆಯೇ ಸರಿ.

ಕೇಳಿದವರಿಗೆ ಒಂದು ಪ್ರಶ್ನೆ. ಮೋಟಾರ್ ರಿವೈಂಡ್ ಆಗಿದೆ, ಫಿಲ್ಮ್ ಹಾಕಿಲ್ಲ ಎಂದಿರಿ. ಯಂತ್ರ ಯಾವ ದಿಕ್ಕಿಗೆ ತಿರುಗುತ್ತಿದೆ? ಗೇಟಿನ (ಫಿಲ್ಮಿಗೆ ಬೆಳಕು ಬೀಳುವ ಕಿಂಡಿ) ಕೆಳಗಿನ ಸ್ಪ್ರಾಕೆಟ್, ಅಂದರೆ ಹಲ್ಲಿನ ಚಕ್ರ, ಫಿಲ್ಮನ್ನು ಕೆಳಕ್ಕೆ ಎಳೆಯುವ ಹಾಗೆ ತಿರುಗಬೇಕು. ಹಳೆಯ ಕೆಲವು ಯಂತ್ರಗಳಲ್ಲಿ ರಬ್ಬರ್ ಸೀಲ್ ಇರುವುದೇ ಇಲ್ಲ. ಶಾಫ್ಟಿನ ಮೇಲೆ ಸುರುಳಿ ಗೆರೆ ಕೊರೆದಿರುತ್ತಾರೆ; ಸರಿಯಾದ ದಿಕ್ಕಿಗೆ ತಿರುಗಿದರೆ ಅದು ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ತಿರುವುಮುರುವಾದರೆ ಪಂಪಿನಂತೆ ಹೊರಕ್ಕೆ ಕಕ್ಕುತ್ತದೆ.

ಶ್ರೀರಂಗಪಟ್ಟಣದಿಂದ ಒಬ್ಬರು:
ನನ್ನದು 16 ಎಂಎಂ ಅನುಭವ, ಚಿಕ್ಕದು. ಅದರಲ್ಲಿ ಎಣ್ಣೆ ಹೀರಿಟ್ಟುಕೊಳ್ಳುವ ಫೆಲ್ಟ್ ತುಂಡುಗಳಿದ್ದವು. ಒಂದೊಂದು ಹನಿ ಬಿಡುವ ಕಡೆ ನಾನು ಧಾರೆ ಎರೆದೆ. ಗೇಟಿಗೆ ಇಳಿದ ಎಣ್ಣೆಗೆ ಧೂಳು ಅಂಟಿ, ಮದುವೆ ರೀಲಿನ ಉದ್ದಕ್ಕೂ ಗೀರು. ಅತ್ತೆಯವರು ಇಂದಿಗೂ ಆ ಮಾತು ಎತ್ತುತ್ತಾರೆ. ಪೂರ್ತಿ ಒಣಗುವವರೆಗೆ ಬೆಲೆಬಾಳುವ ಫಿಲ್ಮ್ ಹಾಕಬೇಡಿ.

ಕೇಳಿದವರು, ನಾಲ್ಕು ದಿನದ ನಂತರ:
ಹಿರಿಯರ ಊಹೆ ನಿಜ. ಮೋಟಾರಿನ ಮೈಮೇಲೆ ಬಣ್ಣದಡಿ ಮುಚ್ಚಿಹೋಗಿದ್ದ ಬಾಣದ ಗುರುತು ಒಂದು ಕಡೆಗೆ, ಮೋಟಾರ್ ತಿರುಗುತ್ತಿದ್ದದ್ದು ಇನ್ನೊಂದು ಕಡೆಗೆ. ವೈಂಡಿಂಗ್ ಮಾಡಿದವರು ಸ್ಟಾರ್ಟಿಂಗ್ ಸುರುಳಿಯ ಎರಡು ತಂತಿಗಳನ್ನು ಅದಲುಬದಲು ಮಾಡಿದ್ದರು. ಸರಿಪಡಿಸಿ, ಮಟ್ಟ ಇಳಿಸಿ, ಪೌಡರ್ ಉದುರಿಸಿ ಓಡಿಸಿದೆ. ಶಾಫ್ಟಿನ ಸುತ್ತ ಬಿಳಿ ಬಿಳಿಯಾಗಿಯೇ ಉಳಿಯಿತು. ನಿಲ್ಲಿಸಿದ ಮೇಲೆ ಎರಡೇ ಹನಿ. ಸೀಲ್ ಹುಡುಕಿಕೊಂಡು ಅರ್ಧ ದಿನ ಅಲೆದಿದ್ದೆ, ನನ್ನ ಯಂತ್ರಕ್ಕೆ ಸೀಲೇ ಇಲ್ಲ!

ಕವರಿನ ಕೆಳಮೂಲೆಯಲ್ಲಿ ಮಾತ್ರ ಉಗುರಗಲ ಕಂದು ಕಲೆ ಮೂಡಿದೆ. ಪ್ಯಾಕಿಂಗ್ ಕಾಗದಕ್ಕೆ ನಾಳೆ ಸಂತೆಪೇಟೆಗೆ ಹೋಗುತ್ತೇನೆ. ಹಳೆಯ ಕಾಗದವನ್ನು ಹರಿಯದಂತೆ ಬಿಡಿಸಿ ಜೇಬಿನಲ್ಲಿಟ್ಟುಕೊಂಡಿದ್ದೇನೆ, ದಪ್ಪ ಹೋಲಿಸಲು.