ಓಪನ್ ಡೇಗೆ ಬಸ್ ಮಾಡಿಕೊಂಡು ಹೋದರೆ ದುಡ್ಡು ದಂಡವಾ?

ರಾಣೆಬೆನ್ನೂರು ಮೇಷ್ಟ್ರು:
ನಮ್ಮದು ಸರ್ಕಾರಿ ಡಿಗ್ರಿ ಕಾಲೇಜು. ಬಿಎಸ್ಸಿ ಮಕ್ಕಳಿಗೆ ಫಿಜಿಕ್ಸ್ ಪಾಠ ಮಾಡುತ್ತೇನೆ. ಬೆಂಗಳೂರಿನ ಐಐಎಸ್ಸಿಯಲ್ಲಿ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಹಿರಿಯರ ಬಾಯಲ್ಲಿ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್), ವರ್ಷಕ್ಕೊಂದು ದಿನ ಓಪನ್ ಡೇ ಇರುತ್ತದೆ. ಅವತ್ತು ಯಾರು ಬೇಕಾದರೂ ಹೋಗಿ ಲ್ಯಾಬ್ ನೋಡಬಹುದು, ಒಂದು ಲ್ಯಾಬಿನಲ್ಲಿ ಕೃತಕ ಮಿಂಚನ್ನೂ ತೋರಿಸುತ್ತಾರೆ. ನಲವತ್ತು ಮಕ್ಕಳನ್ನು ಕರೆದುಕೊಂಡು ಹೋಗಬೇಕು ಅಂತ ಆಸೆ. ಹೋಗಿಬರಲು ಆರುನೂರು ಕಿಲೋಮೀಟರು, ಬಸ್ ಬಾಡಿಗೆ ಕೇಳಿಯೇ ಬೆವರು ಬಂತು. ಸ್ಟಾಫ್ ರೂಮಿನಲ್ಲಿ ಒಬ್ಬರು "ಮಿಂಚು ನೋಡೋಕೆ ಅಲ್ಲಿ ತನಕ ಯಾಕ್ರೀ, ಮಳೆಗಾಲದಲ್ಲಿ ಇಲ್ಲೇ ಬರ್ತದಲ್ಲ" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹೋಗಿ ಬಂದವರು ಹೇಳಿ, ಏನಾದರೂ ಉಪಯೋಗ ಇದೆಯಾ?

ಕಡ್ಲೆಪುರಿ:
ಎರಡು ಸಲ ಹೋಗಿದ್ದೇನೆ ಸರ್. ಪಕ್ಕಾ ಜಾತ್ರೆ. ಹೈ ವೋಲ್ಟೇಜ್ ಲ್ಯಾಬ್ ಮುಂದೆ ಉದ್ದ ಕ್ಯೂ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಿಡಿ ಹಾರಿ ಮುಗಿಯಿತು. ಮಕ್ಕಳು ಸೆಲ್ಫಿ ತೆಗೆದುಕೊಂಡು ಬರುತ್ತಾರೆ, ಅಷ್ಟೇ. ಅದೇ ದುಡ್ಡಿನಲ್ಲಿ ನಾಲ್ಕು ಜನಕ್ಕೆ ಜಾಮ್, ಅಂದ್ರೆ ಎಂಎಸ್ಸಿ ಪ್ರವೇಶ ಪರೀಕ್ಷೆಯ ಫೀಸು ಕಟ್ಟಿ, ಪುಸ್ತಕ ಕೊಡಿಸಿ. ಅದು ಕೈಗೆ ಹತ್ತುವ ಕೆಲಸ.

ಯಶವಂತಪುರ ಪ್ಯಾಸೆಂಜರ್:
ಕಡ್ಲೆಪುರಿ ಅವರೇ, ನೀವು ಜಾಮ್ ಅಂದಿರಿ. ನಾನು ಬಿಎಸ್ಸಿ ಕೊನೆಯ ವರ್ಷಕ್ಕೆ ಬರುವ ತನಕ ಜಾಮ್ ಅಂದ್ರೆ ಬ್ರೆಡ್ಡಿಗೆ ಹಚ್ಚುವುದು ಅಂದುಕೊಂಡಿದ್ದೆ. ತಮಾಷೆ ಅಲ್ಲ. ಐಐಎಸ್ಸಿ ಅಂದ್ರೆ ಎಂಜಿನಿಯರಿಂಗ್ ರ‍್ಯಾಂಕ್‌ನವರ ಜಾಗ, ನಮಗಲ್ಲ ಅಂತಲೇ ಇದ್ದೆ. ಗೆಳೆಯ ಎಳೆದುಕೊಂಡು ಹೋದ ಅಂತ ಓಪನ್ ಡೇಗೆ ಹೋದೆ. ಯಾವುದೋ ಲ್ಯಾಬಿನಲ್ಲಿ ಪೋಸ್ಟರ್ ಪಕ್ಕ ನಿಂತಿದ್ದ ಅಣ್ಣನೊಬ್ಬ ಧಾರವಾಡದ ಕಡೆಯವನು. ಬಿಎಸ್ಸಿ ಮುಗಿಸಿ ಜಾಮ್ ಬರೆದರೆ ಇಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಅರ್ಜಿ ಹಾಕಬಹುದು, ಎಂಎಸ್ಸಿ, ಪಿಎಚ್‌ಡಿ ಎರಡೂ ಒಟ್ಟಿಗೆ, ಸ್ಟೈಪೆಂಡೂ ಕೊಡುತ್ತಾರೆ ಅಂತ ಅವನೇ ಹೇಳಿದ್ದು. ಓದುವುದಕ್ಕೆ ತಿಂಗಳು ತಿಂಗಳು ದುಡ್ಡು ಕೊಡುತ್ತಾರೆ ಅಂದಾಗ ನಮ್ಮಪ್ಪ "ಯಾವ ಕಂಪನಿ ಮೋಸನೋ ನೋಡು" ಅಂದಿದ್ದರು. ಮೊದಲ ಸಲ ಜಾಮ್ ಹೋಯಿತು. ಎರಡನೇ ಸಲ ಸಿಕ್ಕಿತು.

ಕಡ್ಲೆಪುರಿ:
ಖುಷಿ ಆಯಿತು. ಆದರೆ ಇಷ್ಟನ್ನು ಮೇಷ್ಟ್ರು ಬೋರ್ಡ್ ಮೇಲೆ ಬರೆದರೆ ಸಾಕಲ್ವಾ? ಜೆಆರ್‌ಎಫ್, ಅಂದ್ರೆ ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದಮೇಲೆ 42,000. 2023ರಿಂದ ಇದೇ ಲೆಕ್ಕ. ಬರೆಯಿರಿ, ಮಕ್ಕಳು ತಾವಾಗಿಯೇ ಓದುತ್ತಾರೆ.

ಯಶವಂತಪುರ ಪ್ಯಾಸೆಂಜರ್:
ಬೋರ್ಡ್ ಮೇಲೆ ಬರೆದಿದ್ದನ್ನು ನಾನು ನಂಬುತ್ತಿರಲಿಲ್ಲ. ನನ್ನ ಹಾಗೇ ಮಾತಾಡುವವನೊಬ್ಬ ಅಲ್ಲಿ ನಿಂತಿದ್ದ ನೋಡಿ, ಅದಕ್ಕೆ ನಂಬಿದೆ.

ಕಣಜದ ಗೂಡು:
ನಾನು ಪರಿಸರ ವಿಜ್ಞಾನದವಳು, ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ದೊಡ್ಡ ಮೆಷಿನ್ ನೋಡಿ ಬಂದ ಮಕ್ಕಳಿಗೆ "ಇದು ನಮ್ಮ ಕಾಲೇಜಿನಲ್ಲಿಲ್ಲ, ನಮ್ಮಿಂದಾಗದು" ಅನ್ನಿಸುವುದೂ ಉಂಟು. ಅದಕ್ಕೆ ಕಣಜದ ಹುಳುವಿನ ಕತೆ ಹೇಳಿ. ವಿಜ್ಞಾನಿ ರಾಘವೇಂದ್ರ ಗದಗಕರ್ ಅದೇ ಕ್ಯಾಂಪಸ್ಸಿನಲ್ಲಿ ಮಾಲಿಕ್ಯುಲರ್ ಬಯಾಲಜಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಕಣಜಗಳನ್ನು ನೋಡುವುದು ಆಗ ಅವರ ಹವ್ಯಾಸ. ಗೂಡಿನಲ್ಲಿ ಯಾವುದು ರಾಣಿ, ಅದು ಹೋದರೆ ಆ ಜಾಗಕ್ಕೆ ಯಾವುದು ಬರುತ್ತದೆ, ಇದನ್ನೇ ಮುಂದೆ ದಶಕಗಟ್ಟಲೆ ಹುಡುಕಿದರು. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು ಗುರುತು ಮಾಡುವುದು, ಕೂತು ನೋಡುವುದು, ಬರೆದಿಡುವುದು. ನಿಮ್ಮ ಕಾಲೇಜಿನ ಕಿಟಕಿಯ ಸಜ್ಜಾ ಕೆಳಗೂ ಒಂದು ಗೂಡು ಇದ್ದೇ ಇರುತ್ತದೆ. ಊರ ಪಕ್ಕದಲ್ಲೇ ಕೃಷ್ಣಮೃಗಗಳ ಅಭಯಾರಣ್ಯ ಬೇರೆ ಇದೆ!

ಮಂಡಕ್ಕಿ ಮೆಣಸಿನಕಾಯಿ:
ಎಲ್ಲಾ ಸರಿ. ಅಲ್ಲಿ ವಿವರಣೆ ಪೂರ್ತಿ ಇಂಗ್ಲಿಷಿನಲ್ಲಿ. ನಮ್ಮ ಹುಡುಗಿಯರು ಹಿಂದೆ ನಿಂತು ತಲೆ ಅಲ್ಲಾಡಿಸಿ ಬರುತ್ತಾರೆ. ನಾನೂ ಹಾಗೇ ಬಂದವಳು.

ಯಶವಂತಪುರ ಪ್ಯಾಸೆಂಜರ್:
ನಿಜ ಅಕ್ಕ. ಆದರೆ "ಇಲ್ಲಿ ಕನ್ನಡ ಬರುವವರು ಯಾರಿದ್ದಾರೆ?" ಅಂತ ಜೋರಾಗಿ ಕೇಳಬೇಕು. ಸ್ಟಾಲಿನ ಹಿಂದೆ ಕೂತವರು ಎದ್ದು ಬರುತ್ತಾರೆ. ನಾನೇ ಹಾಗೆ ಎದ್ದು ಬಂದಿದ್ದೇನೆ.

ಕಡ್ಲೆಪುರಿ:
ನನ್ನ ಸಿಟ್ಟು ಬೇರೆ ಇದೆ. ಬೆಂಗಳೂರಿನ ಬಿಎಸ್ಸಿ ಮಕ್ಕಳಿಗೆ ತಾರಾಲಯದಲ್ಲಿ ರೀಪ್ ಅಂತ ವಾರಾಂತ್ಯದ ಕ್ಲಾಸಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಸೆಂಟರು, ಅದೂ ವಿಜ್ಞಾನ ಸಂಶೋಧನೆಯ ಜಾಗವೇ, ಸಿಟಿ ಬಸ್ಸಿನ ದೂರ. ರಾಣೆಬೆನ್ನೂರಿನವರಿಗೆ ವರ್ಷಕ್ಕೊಂದು ಶನಿವಾರ. ಆ ಒಂದು ದಿನ ನೋಡಿ ನಾವು ಚಪ್ಪಾಳೆ ಹೊಡೆಯಬೇಕಾ? ನಾನು ಓದುವಾಗ ಸಮ್ಮರ್ ಪ್ರಾಜೆಕ್ಟಿಗೆ ಶಿಫಾರಸು ಪತ್ರ ಕೇಳಿದರೆ ನಮ್ಮ ಕಾಲೇಜಿನಲ್ಲಿ "ಮೊದಲು ಇಂಟರ್ನಲ್ಸ್ ಪಾಸಾಗು" ಅಂದರು. ಅರ್ಜಿಯ ದಿನ ದಾಟಿತು. ಅಲ್ಲಿಗೆ ಮುಗಿಯಿತು.

ಕಣಜದ ಗೂಡು:
ಈ ಮಾತು ಒಪ್ಪುತ್ತೇನೆ. ಮೇಷ್ಟ್ರೇ, ಅಂಥ ಸಮ್ಮರ್ ಪ್ರಾಜೆಕ್ಟಿಗೆ ಸಿಗುವ ಸಮ್ಮರ್ ಫೆಲೋಶಿಪ್ ಬಗ್ಗೆ ಒಂದು ವಿಷಯ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವುದು ಅದು. ಅದರಲ್ಲೊಂದು ಬೆಂಗಳೂರಿನಲ್ಲೇ ಇದೆ, 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ್ದು. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ. ಬೇಸಿಗೆಗೆ ಹೋಗಬೇಕಾದರೆ ಹಿಂದಿನ ವರ್ಷವೇ ಅರ್ಜಿ ಹಾಕಬೇಕು, ತುಂಬಾ ಜನ ಎಡವುವುದು ಇಲ್ಲೇ. ಇನ್ನೊಂದು, ಅದು ವಿದ್ಯಾರ್ಥಿಗಳಿಗೆ ಮಾತ್ರ ಅಲ್ಲ. ಮೇಷ್ಟ್ರುಗಳಿಗೂ ಇದೆ.

ರಾಣೆಬೆನ್ನೂರು ಮೇಷ್ಟ್ರು:
ಮೇಷ್ಟ್ರುಗಳಿಗೂ? ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಿದ್ದೇನೆ ಮೇಡಂ, ಇದು ಗೊತ್ತಿರಲಿಲ್ಲ. ಕಡ್ಲೆಪುರಿ ಅವರ ಮಾತು ಚುಚ್ಚಿತು. ಶಿಫಾರಸು ಪತ್ರ ಕೇಳಿ ಬಂದ ಹುಡುಗನನ್ನು ನಾನೂ ಒಮ್ಮೆ "ಆಮೇಲೆ ನೋಡೋಣ" ಅಂತ ಕಳಿಸಿದ್ದೇನೆ. ನಲವತ್ತು ಬೇಡ, ಇಪ್ಪತ್ತು ಜನ ರೈಲಿನಲ್ಲಿ ಬರುತ್ತೇವೆ. ಪ್ರತಿಯೊಬ್ಬರೂ ಒಂದು ಲ್ಯಾಬಿನಲ್ಲಾದರೂ "ನೀವು ಇಲ್ಲಿಗೆ ಹೇಗೆ ಬಂದಿರಿ?" ಅಂತ ಕೇಳಿ ಬರೆದುಕೊಂಡು ಬರಬೇಕು. ಮಿಂಚು ಆಮೇಲೆ.

ಕಡ್ಲೆಪುರಿ:
ಮಿಂಚಿಗೆ ಬೆಳಗ್ಗೆಯೇ ಕ್ಯೂ ನಿಲ್ಲಿ ಸರ್, ಮಧ್ಯಾಹ್ನ ಆದಮೇಲೆ ಆಗುವುದಿಲ್ಲ. ಯಶವಂತಪುರದಲ್ಲಿ ಇಳಿಯಿರಿ, ಮೆಜೆಸ್ಟಿಕ್ ತನಕ ಹೋಗಬೇಡಿ. ನಾನೂ ಬರುತ್ತೇನೆ, ಕ್ಯಾಂಪಸ್ ತೋರಿಸುತ್ತೇನೆ. ರೊಟ್ಟಿ, ಶೇಂಗಾ ಚಟ್ನಿ ಒಂದಿಷ್ಟು ಜಾಸ್ತಿ ಕಟ್ಟಿಸಿಕೊಂಡು ಬನ್ನಿ.