ಮ್ಯಾಗ್ನೆಟ್ ಪಂಪ್ ಹೆಡ್: ಮೋಟರ್ ತಿರುಗುತ್ತದೆ, ದ್ರವ ಬರುತ್ತಿಲ್ಲ

ಹೊಸ_ಕೈ:
ಎಲ್ಲರಿಗೂ ನಮಸ್ಕಾರ. ಮ್ಯಾಗ್ನೆಟ್‌ನಿಂದ ತಿರುಗುವ ಚಿಕ್ಕ ಗೇರ್ ಪಂಪ್ ಹೆಡ್ (ಗೇರುಗಳು ತಿರುಗಿ ದ್ರವ ತಳ್ಳುವ ಭಾಗ) ಒಂದನ್ನು ಮೋಟರ್‌ಗೆ ಕೂರಿಸಿದೆ. ಗ್ಲಿಸರಿನ್ ಸಾಗಿಸಬೇಕು. ನೀರು ಹಾಕಿ ನೋಡಿದಾಗ ಚೆನ್ನಾಗಿಯೇ ಓಡಿತು. ಗ್ಲಿಸರಿನ್ ಹಾಕಿ ಸ್ವಿಚ್ ಒತ್ತಿದ ಕೂಡಲೇ ಗರಗರ ಶಬ್ದ, ನಡುಕ. ಮೋಟರ್ ತಿರುಗುತ್ತಿದೆ, ಆದರೆ ಪೈಪಿನಿಂದ ಒಂದು ಹನಿಯೂ ಇಲ್ಲ. ಹತ್ತು ನಿಮಿಷ ಹಾಗೇ ಬಿಟ್ಟು ನೋಡಿದೆ, ಸರಿಹೋಗಲಿಲ್ಲ. ಜೊತೆಗೆ ಏನೋ ಸಣ್ಣಗೆ ಕೆರೆಯುವ ಸದ್ದು ನೀರು ಹಾಕಿದಾಗಿನಿಂದಲೂ ಇದೆ. ಕೂರಿಸುವಾಗ ಹೆಡ್ ಒಮ್ಮೆಲೇ ಎಳೆದುಕೊಂಡು ಬೆರಳು ಸಿಕ್ಕಿಕೊಂಡಿತು, ಚರ್ಮ ಕಿತ್ತು ಬಂದಿದೆ. ಮ್ಯಾಗ್ನೆಟ್ ವೀಕ್ ಇರಬಹುದಾ?

ಹಳೇಫಿಟ್ಟರ್:
ಮೊದಲು ಬೆರಳಿಗೆ ಔಷಧಿ ಹಚ್ಚಿಕೊಳ್ಳಿ. ಚರ್ಮ ಕೀಳುವಷ್ಟು ಎಳೆಯುವ ಮ್ಯಾಗ್ನೆಟ್ ವೀಕ್ ಇರಲಿಕ್ಕಿಲ್ಲ ಸರ್. ಆಮೇಲೆ ಪಂಪನ್ನು ಪೂರ್ತಿ ಆಫ್ ಮಾಡಿ, ಪ್ಲಗ್ ಕಿತ್ತಿಡಿ.

ಆಗಿರುವುದು ಇಷ್ಟು. ಮೋಟರ್ ಶಾಫ್ಟಿನ ಮೇಲೆ ಹೊರಗಿನ ಮ್ಯಾಗ್ನೆಟ್ ಇದೆ, ಹೆಡ್ಡಿನ ಕಪ್ ಒಳಗೆ ಇನ್ನೊಂದು ಇದೆ. ನಡುವೆ ಕಪ್ಪಿನ ತೆಳು ಗೋಡೆ. ಎರಡನ್ನೂ ಜೋಡಿಸುವ ಕಬ್ಬಿಣದ ಕೊಂಡಿ ಯಾವುದೂ ಇಲ್ಲ, ಸೆಳೆತವೊಂದೇ. ಗೇರಿಗೆ ಬೇಕಾದ ಬಲ ಆ ಸೆಳೆತಕ್ಕಿಂತ ಜಾಸ್ತಿಯಾದರೆ ಹಿಡಿತ ಬಿಟ್ಟುಹೋಗುತ್ತದೆ. ಹೊರಗಿನದು ಸುತ್ತುತ್ತಲೇ ಇರುತ್ತದೆ, ಒಳಗಿನದು ನಿಂತಲ್ಲೇ ನಡುಗುತ್ತದೆ. ಗರಗರ ಶಬ್ದ ಅದೇ. ಮೋಟರ್ ಓಡುತ್ತಿದ್ದರೆ ಅದು ತಾನಾಗಿ ಮತ್ತೆ ಹಿಡಿದುಕೊಳ್ಳುತ್ತದೆ ಅಂತ ಕಾಯಬಾರದು. ಹಾಗೆ ಬಿಟ್ಟರೆ ಬಿಸಿಯಾಗಿ ಮ್ಯಾಗ್ನೆಟ್ಟಿನ ಬಲ ನಿಜಕ್ಕೂ ಕುಂದಬಹುದು. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ತಡೆಯುವುದಿಲ್ಲ. ಪೂರ್ತಿ ನಿಲ್ಲಿಸಿದರೆ ಎರಡೂ ತಾವೇ ಸರಿಯಾಗಿ ಕೂರುತ್ತವೆ.

ನೀರಿಗೆ ಓಡಿ ಗ್ಲಿಸರಿನ್‌ಗೆ ನಿಂತಿತು ಅಂದರೆ ಕಾರಣ ಅಲ್ಲೇ ಇದೆ. 20 ಡಿಗ್ರಿಯಲ್ಲಿ ಶುದ್ಧ ಗ್ಲಿಸರಿನ್ ನೀರಿಗಿಂತ ಸುಮಾರು 1400 ಪಟ್ಟು ಮಂದ. 40 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಆ ಮಂದತನ ಐದರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ನೀವು ತಣ್ಣಗಿದ್ದಾಗಲೇ ಒಮ್ಮೆಲೇ ಫುಲ್ ಸ್ಪೀಡ್ ಕೊಟ್ಟಿರಾ? ಸಕ್ಷನ್ ಪೈಪ್, ಅಂದರೆ ದ್ರವವನ್ನು ಪಂಪಿನೊಳಗೆ ಎಳೆಯುವ ಪೈಪ್, ಎಷ್ಟು ದಪ್ಪ? ದ್ರವ ಹೊರಗೆ ಹೋಗುವ ಕಡೆಯ ವಾಲ್ವ್ ತೆರೆದಿತ್ತು ತಾನೇ?

ಗೇರ್‌ಬಳಗ:
ಆ ಕೆರೆಯುವ ಸದ್ದನ್ನು ಬಿಡಬೇಡಿ, ಅದು ಬೇರೆಯೇ ಸಮಸ್ಯೆ. ಹೆಡ್ ಬಿಚ್ಚಿ ಹೊರಗಿನ ಮ್ಯಾಗ್ನೆಟ್ಟಿನ ಒಳಗೋಡೆ ನೋಡಿ. ಕಬ್ಬಿಣದ ಪುಡಿ ಅಂಟಿರುತ್ತದೆ. ಬಟ್ಟೆಯಿಂದ ಒರೆಸಿದರೆ ಬರುವುದಿಲ್ಲ, ಅಂಟುವ ಟೇಪ್ ಒತ್ತಿ ಎತ್ತಿ. ಗ್ರಬ್ ಸ್ಕ್ರೂ (ಮ್ಯಾಗ್ನೆಟ್ಟನ್ನು ಶಾಫ್ಟಿಗೆ ಹಿಡಿದಿಡುವ ತಲೆಯಿಲ್ಲದ ಸಣ್ಣ ಸ್ಕ್ರೂ) ಬಿಗಿ ಇದೆಯಾ ಅಂತಲೂ ನೋಡಿ. ಅದು ಸಡಿಲವಾದರೆ ಮ್ಯಾಗ್ನೆಟ್ ಶಾಫ್ಟಿನ ಮೇಲೆ ಜಾರಿ ಕಪ್ಪಿಗೆ ಉಜ್ಜುತ್ತದೆ.

ಬಿಚ್ಚುವಾಗ ನೇರವಾಗಿ ಎಳೆಯಿರಿ, ಓರೆ ಮಾಡಿದರೆ ಕಪ್ ತಗ್ಗಾಗುತ್ತದೆ. ಕೂರಿಸುವಾಗ ಎರಡೂ ಕೈಯಲ್ಲಿ ಹೆಡ್ಡಿನ ಹಿಂಭಾಗ ಹಿಡಿಯಿರಿ, ಎರಡು ಮುಖ ಸೇರುವ ಜಾಗದಲ್ಲಿ ಬೆರಳೇ ಇರಬಾರದು. ಕೊನೆಯಲ್ಲಿ ಅದು ಎಳೆದೇ ಎಳೆಯುತ್ತದೆ, ಅದಕ್ಕೆ ಮೊದಲೇ ತಯಾರಿರಿ. ಸ್ಪ್ಯಾನರ್, ಸ್ಕ್ರೂಗಳನ್ನು ದೂರ ಇಡಿ. ಫೋನು, ಬ್ಯಾಂಕ್ ಕಾರ್ಡು ಕೂಡ.

ಒಂದು ಮಾತು ಖಂಡಿತ ನೆನಪಿಡಿ: ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದನ್ನು ಮುಟ್ಟುವುದಿರಲಿ, ಹತ್ತಿರವೂ ಬರಬಾರದು. ಮನೆಯಲ್ಲಿ, ಕೆಲಸದ ಜಾಗದಲ್ಲಿ ಯಾರಿಗಾದರೂ ಇದೆಯಾ ಅಂತ ಕೇಳಿಯೇ ಪೆಟ್ಟಿಗೆ ತೆಗೆಯಿರಿ.

ಹೊಸ_ಕೈ:
ಇಬ್ಬರಿಗೂ ಧನ್ಯವಾದ. ಹೌದು ಸರ್, ತಣ್ಣನೆಯ ಗ್ಲಿಸರಿನ್, ಒಮ್ಮೆಲೇ ಫುಲ್ ಸ್ಪೀಡ್. ವಾಲ್ವ್ ತೆರೆದಿತ್ತು. ಸಕ್ಷನ್‌ಗೆ ಪಂಪಿನ ಬಾಯಿಗಿಂತ ಸಣ್ಣ ಟ್ಯೂಬ್ ಹಾಕಿದ್ದೆ. ಬಿಚ್ಚಿ ನೋಡಿದರೆ ಮ್ಯಾಗ್ನೆಟ್ಟಿಗೆ ಡ್ರಿಲ್ ಮಾಡಿದ ಚೂರೊಂದು ಅಂಟಿದೆ. ಕಪ್ಪಿನ ಸುತ್ತ ಗೀರು ಬಿದ್ದಿದೆ, ಉಗುರಿಗೆ ಸಿಗುತ್ತದೆ. ಗ್ರಬ್ ಸ್ಕ್ರೂ ಗಟ್ಟಿಯಾಗೇ ಇದೆ. ಈ ಕಪ್ಪನ್ನೇ ಬಳಸಬಹುದಾ?

ಹಳೇಫಿಟ್ಟರ್:
ಬೇಡ. ಉಗುರಿಗೆ ಸಿಗುವ ಗೀರಿದ್ದರೆ ಬದಲಿಸಿ. ಈ ಪಂಪಿನಲ್ಲಿ ಶಾಫ್ಟ್ ಸುತ್ತ ಸೋರದಂತೆ ತಡೆಯುವ ಸೀಲ್ ಇಲ್ಲ, ಒತ್ತಡವನ್ನು ಹಿಡಿದಿಟ್ಟಿರುವುದು ಆ ತೆಳು ಕಪ್ಪೇ. ಸೀಲ್ ಇಲ್ಲ ಅನ್ನುವುದಕ್ಕೇ ನಾವು ಈ ಪಂಪನ್ನು ಇಷ್ಟಪಡುವುದು, ಅಲ್ವಾ? ಆ ಕಪ್ಪನ್ನೇ ತೂತು ಮಾಡಿಕೊಂಡರೆ ಹೇಗೆ. ಕಪ್ಪಿನ ಜೊತೆ ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಬಳೆ) ಕೂಡ ಹೊಸದು ಹಾಕಿ.

ಸಕ್ಷನ್ ಟ್ಯೂಬ್ ಪಂಪಿನ ಬಾಯಿಗಿಂತ ಚಿಕ್ಕದು ಇರಲೇಬಾರದು, ಮಂದ ದ್ರವಕ್ಕೆ ಇನ್ನೂ ದಪ್ಪ, ಇನ್ನೂ ಗಿಡ್ಡ ಇದ್ದಷ್ಟು ಒಳ್ಳೆಯದು. ಶುರು ಮಾಡುವ ಮುಂಚೆ ಒಳಬಾಯಿಗೆ ಸ್ವಲ್ಪ ಗ್ಲಿಸರಿನ್ ಸುರಿದು ಗೇರ್ ಒದ್ದೆ ಮಾಡಿ. ಗೇರಿಗೂ ಅದರ ಶಾಫ್ಟ್ ತಿರುಗುವ ಬುಷ್‌ಗೂ ಆ ದ್ರವವೇ ಎಣ್ಣೆ, ಒಣಗಿ ಓಡಿದರೆ ಬೇಗ ಸವೆಯುತ್ತವೆ. ಆಮೇಲೆ ಕಡಿಮೆ ಸ್ಪೀಡಿನಿಂದ ನಿಧಾನಕ್ಕೆ ಏರಿಸಿ. ಶಬ್ದ ಬಂದ ಕ್ಷಣವೇ ನಿಲ್ಲಿಸಿ, ಅದಕ್ಕಿಂತ ಕೆಳಗಿನ ಸ್ಪೀಡೇ ನಿಮ್ಮ ಮಿತಿ.

ಗೇರ್‌ಬಳಗ:
ಡೆಲಿವರಿ ಲೈನಿಗೆ, ಅಂದರೆ ದ್ರವ ಹೊರಗೆ ಹೋಗುವ ಪೈಪಿಗೆ, ರಿಲೀಫ್ ವಾಲ್ವ್ (ಒತ್ತಡ ಜಾಸ್ತಿಯಾದರೆ ತಾನಾಗಿ ತೆರೆಯುವ ವಾಲ್ವ್) ಹಾಕಿದ್ದೀರಾ? ಒತ್ತಡ ಏರಿದರೆ ಮ್ಯಾಗ್ನೆಟ್ ಜಾರುತ್ತದಲ್ಲ, ಅದೇ ಸಾಕು ಅಂತ ಕೆಲವರು ಸುಮ್ನೆ ಬಿಡುತ್ತಾರೆ. ಜಾರುವ ಮುಂಚೆಯೇ ಟ್ಯೂಬ್ ಕಳಚಿಕೊಳ್ಳಬಹುದು.

ಹೊಸ_ಕೈ:
ಹಾಕಿಲ್ಲ, ಹಾಕುತ್ತೇನೆ. ಕಪ್, ಓ-ರಿಂಗ್ ಎರಡೂ ಆರ್ಡರ್ ಮಾಡಿದೆ. ಅಲ್ಲಿಯವರೆಗೆ ಹೆಡ್ಡನ್ನು ಬಟ್ಟೆ ಸುತ್ತಿ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಮೇಲೆ ದೊಡ್ಡ ಅಕ್ಷರದಲ್ಲಿ "ಮ್ಯಾಗ್ನೆಟ್ ಇದೆ, ಪೇಸ್‌ಮೇಕರ್ ಇದ್ದವರು ಮುಟ್ಟಬೇಡಿ" ಅಂತ ಬರೆದು ಅಂಟಿಸಿದೆ.